ಶಕುಂತಲಾ ದೇವಿಯವರ 26 ಅಂಕಿಗಳ ಉತ್ತರ ತಪ್ಪೇ? ಮೊಬೈಲ್ ಕ್ಯಾಲ್ಕುಲೇಟರ್ ಬೇರೆಯದನ್ನೇ ತೋರಿಸುವುದೇಕೆ?

ಫಾರ್ವರ್ಡ್ ಹೇಳುವುದು: ‘ಬೆಂಗಳೂರಿನ ಶಕುಂತಲಾ ದೇವಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ಗುಣಿಸಿದರು. ಇದನ್ನು ಯಾವ ಕ್ಯಾಲ್ಕುಲೇಟರೂ ಮಾಡಲಾರದು.’

ಅದಕ್ಕೆ ಬರುವ ಮರುಮಾತು: ‘ನಾನು ಮೊಬೈಲ್‌ನಲ್ಲಿ ಹಾಕಿ ನೋಡಿದೆ, ಉತ್ತರ ತಪ್ಪು.’

ನಿಜ ಏನು: ಶಕುಂತಲಾ ದೇವಿಯವರ ಉತ್ತರ ಸರಿ. ಮೊಬೈಲ್ ತೋರಿಸಿದ್ದೂ ತಪ್ಪಲ್ಲ, ಅದು ಪೂರ್ತಿ ಉತ್ತರ ಅಲ್ಲ ಅಷ್ಟೇ. ಆದರೆ ನಮಗೆ ಬಂದ ಫಾರ್ವರ್ಡ್‌ನಲ್ಲಿ ಎರಡು ಅಂಕಿಗಳು ಅದಲುಬದಲಾಗಿದ್ದವು. ಅದನ್ನು ಪೆನ್ನು, ಕಾಗದದಲ್ಲೇ ಹೇಗೆ ಹಿಡಿಯಬಹುದು ಎಂಬುದು ಈ ಲೇಖನದ ವಿಷಯ.

ಈ ಪ್ರಶ್ನೆ ನಮ್ಮ ಮನೆಗೆ ಬಂದದ್ದು ಹೇಗೆ?

ಬಸವೇಶ್ವರನಗರದಲ್ಲಿರುವ ನನ್ನ ಚಿಕ್ಕಮ್ಮ ಮನೆಯಲ್ಲೇ ಹೈಸ್ಕೂಲ್ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುತ್ತಾರೆ. ಫ್ಯಾಮಿಲಿ ಗ್ರೂಪಿಗೆ ಈ ಸಂದೇಶ ಕಳಿಸಿದ್ದು ಅವರೇ. ಕೆಂಗೇರಿಯಲ್ಲಿರುವ ಮಾವನ ಮಗ ಐದೇ ನಿಮಿಷದಲ್ಲಿ ಸ್ಕ್ರೀನ್‌ಶಾಟ್ ಹಾಕಿದ: ‘ಅತ್ತೆ, ಉತ್ತರ ತಪ್ಪಿದೆ. 7 ಇರೋ ಕಡೆ ಫೋನಲ್ಲಿ 8 ಬರ್ತಿದೆ ನೋಡಿ.’

ಚಿಕ್ಕಮ್ಮ ನನಗೆ ಫೋನ್ ಮಾಡಿದರು. ‘ನಾಳೆ ಮಕ್ಕಳಿಗೆ ಬೋರ್ಡ್ ಮೇಲೆ ಬರೆದು ತೋರಿಸೋಣ ಅಂತಿದ್ದೆ. ಹಾಗಾದ್ರೆ ಅವರು ಹೇಳಿದ್ದು ತಪ್ಪಾ? ಇಷ್ಟು ವರ್ಷ ನಾವೆಲ್ಲ ನಂಬಿಕೊಂಡು ಬಂದಿದ್ದು ಸುಳ್ಳಾ?’

ಇಂಥ ಸಂದೇಶಗಳನ್ನು ನಾವು ಹೆಮ್ಮೆಯಿಂದ ಹಂಚುತ್ತೇವೆ, ಇಲ್ಲವೇ ಒಂದು ಸ್ಕ್ರೀನ್‌ಶಾಟ್ ನೋಡಿ ‘ಎಲ್ಲಾ ಬುರುಡೆ’ ಎಂದು ತಳ್ಳಿಹಾಕುತ್ತೇವೆ. ಎರಡೂ ಕಡೆಯವರು ಆ ಉದ್ದನೆಯ ಸಂಖ್ಯೆಯನ್ನು ಸರಿಯಾಗಿ ನೋಡಿರುವುದಿಲ್ಲ. ಈಗ ನೋಡೋಣ.

ಅಂದು ನಡೆದದ್ದೇನು?

ಶಕುಂತಲಾ ದೇವಿಯವರು ಹುಟ್ಟಿದ್ದು 1929ರ ನವೆಂಬರ್ 4ರಂದು, ಬೆಂಗಳೂರಿನ ಕನ್ನಡ ಕುಟುಂಬದಲ್ಲಿ. ತಂದೆ ಸರ್ಕಸ್ಸಿನಲ್ಲಿ ಕೆಲಸ ಮಾಡುತ್ತಿದ್ದವರು. ಶಾಲೆಯ ಓದು ಸಿಗದ ಈ ಹುಡುಗಿ ಚಿಕ್ಕ ವಯಸ್ಸಿನಲ್ಲೇ ಮೈಸೂರು ವಿಶ್ವವಿದ್ಯಾಲಯದಲ್ಲಿ ತನ್ನ ಲೆಕ್ಕದ ಶಕ್ತಿ ತೋರಿಸಿದಳು. ಮುಂದೆ ಅವರು ದೇಶವಿದೇಶಗಳಲ್ಲಿ ಪ್ರದರ್ಶನ ಕೊಟ್ಟರು. 2013ರ ಏಪ್ರಿಲ್ 21ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ಫಾರ್ವರ್ಡ್‌ನಲ್ಲಿ ಹೇಳುವ ಘಟನೆ ನಡೆದದ್ದು 1980ರ ಜೂನ್ 18ರಂದು, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ. ಅಲ್ಲಿನ ಕಂಪ್ಯೂಟರ್ ವಿಭಾಗದವರು ಯಾವುದೋ ಎರಡು 13 ಅಂಕಿಗಳ ಸಂಖ್ಯೆಗಳನ್ನು ಆರಿಸಿ ಕೊಟ್ಟರು:

7,686,369,774,870 × 2,465,099,745,779

28 ಸೆಕೆಂಡಿನಲ್ಲಿ ಅವರು ಕೊಟ್ಟ ಉತ್ತರ:

18,947,668,177,995,426,462,773,730

ಇದು ಗಿನ್ನೆಸ್ ದಾಖಲೆಗಳ ಪುಸ್ತಕದ 1982ರ ಆವೃತ್ತಿಯಲ್ಲಿ ಸೇರಿತು. ದಾಖಲೆಯ ಪ್ರಮಾಣಪತ್ರ ಕುಟುಂಬದ ಕೈಸೇರಿದ್ದು ಮಾತ್ರ ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 2020ರ ಜುಲೈನಲ್ಲಿ.

ಈ ಸಂಖ್ಯೆ ಎಷ್ಟು ದೊಡ್ಡದು?

ಮೇಲೆ ಅಲ್ಪವಿರಾಮಗಳು ಮೂರು ಮೂರು ಅಂಕಿಗೆ ಇವೆ. ನಮ್ಮ ಲಕ್ಷ, ಕೋಟಿಯ ರೀತಿಯಲ್ಲಿ ಹೇಳುವುದಾದರೆ ಮೊದಲ ಸಂಖ್ಯೆ 7 ಲಕ್ಷ 68 ಸಾವಿರದ 636 ಕೋಟಿಗಿಂತ ಸ್ವಲ್ಪ ಹೆಚ್ಚು. ಎರಡನೆಯದು 2 ಲಕ್ಷ 46 ಸಾವಿರದ 509 ಕೋಟಿಗಿಂತ ಸ್ವಲ್ಪ ಹೆಚ್ಚು. ಉತ್ತರ ಹೇಳಲು ಒಂದು ‘ಕೋಟಿ’ ಸಾಲದು. ಅದು ಸುಮಾರು 18,947 ಕೋಟಿ ಕೋಟಿ ಕೋಟಿ. ಇಡೀ ಭೂಮಿಯ ತೂಕವನ್ನು ಕಿಲೋಗ್ರಾಂನಲ್ಲಿ ಬರೆದರೆ 25 ಅಂಕಿಗಳಾಗುತ್ತವೆ. ಈ ಉತ್ತರ ಅದರ ಮೂರು ಪಟ್ಟಿಗಿಂತ ಹೆಚ್ಚು.

ದೊಡ್ಡ ಸಂಖ್ಯೆಗಳಿಗೆ ಹೆಸರಿಡುವುದು ನಮ್ಮ ನಾಡಿಗೆ ಹೊಸದಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಏಕ, ದಶ, ಶತ ಎಂದು ಶುರುವಾಗುವ ಆ ಪಟ್ಟಿ ಕೋಟಿ, ಅರ್ಬುದ, ಪದ್ಮ, ಶಂಖಗಳನ್ನು ದಾಟಿ ‘ಮಹಾಕ್ಷೋಭ’ದಲ್ಲಿ ಮುಗಿಯುತ್ತದೆ. ಶಕುಂತಲಾ ದೇವಿಯವರ ಉತ್ತರಕ್ಕೆ 26 ಸ್ಥಾನ ಬೇಕು. ಆ ಉದ್ದನೆಯ ಪಟ್ಟಿಯನ್ನೂ ಮೀರಿ ಇದು ಎರಡು ಸ್ಥಾನ ಮುಂದಿದೆ.

ಶಾಲೆಯಲ್ಲಿ ಕಲಿತ ರೀತಿಯಲ್ಲಿ ಇದನ್ನು ಗುಣಿಸಲು ಎಷ್ಟು ಕೆಲಸ? 13 ಅಂಕಿಗಳನ್ನು 13 ಅಂಕಿಗಳಿಂದ ಗುಣಿಸಿದರೆ 169 ಸಣ್ಣ ಗುಣಾಕಾರ. ಎರಡೂ ಸಂಖ್ಯೆಗಳಲ್ಲಿ ಒಂದೊಂದು ಸೊನ್ನೆ ಇರುವುದರಿಂದ ಅವನ್ನು ಬಿಟ್ಟರೆ 12 × 12, ಅಂದರೆ 144. ಆಮೇಲೆ ಅವೆಲ್ಲವನ್ನೂ ದಶಕ ತಪ್ಪದಂತೆ ಕೂಡಬೇಕು. ಎಲ್ಲೋ ಒಂದು ದಶಕ ಮರೆತರೂ ಉತ್ತರ ಕೆಟ್ಟಂತೆ.

ಮೊಬೈಲ್ ಬೇರೆ ಉತ್ತರ ಕೊಡುವುದೇಕೆ?

ಮಾವನ ಮಗನ ಫೋನಿನಲ್ಲಿ ಬಂದದ್ದು ಹೀಗೆ: 1.894766818, ಅದರ ಪಕ್ಕ ಇಂಗ್ಲಿಷಿನ ‘ಇ’ ಅಕ್ಷರ, ಆಮೇಲೆ 25.

ಆ ‘ಇ 25’ರ ಅರ್ಥ: ಬಿಂದುವನ್ನು 25 ಸ್ಥಾನ ಬಲಕ್ಕೆ ಸರಿಸಿ. ಹಾಗೆ ಸರಿಸಿದರೆ 26 ಅಂಕಿಗಳ ಸಂಖ್ಯೆಯಾಗುತ್ತದೆ. ಆದರೆ ಪರದೆಯಲ್ಲಿ ಜಾಗ ಇರುವುದು ಹತ್ತು ಅಂಕಿಗೆ ಮಾತ್ರ. ಉಳಿದ 16 ಅಂಕಿಗಳನ್ನು ಫೋನ್ ತೋರಿಸುವುದಿಲ್ಲ. ಕತ್ತರಿಸುವಾಗ ಹತ್ತಿರದ ಬೆಲೆಗೆ ಸರಿಹೊಂದಿಸುತ್ತದೆ, ಅಂದರೆ ರೌಂಡ್ ಆಫ್ ಮಾಡುತ್ತದೆ.

ಶಕುಂತಲಾ ದೇವಿಯವರ ಉತ್ತರದ ಮೊದಲ ಹನ್ನೊಂದು ಅಂಕಿಗಳು 18947668177. ಹತ್ತಕ್ಕೆ ನಿಲ್ಲಿಸಿದರೆ 1894766817 ಆಗಬೇಕು. ಆದರೆ ಮುಂದಿನ ಅಂಕಿ 7. ಅದು 5ಕ್ಕಿಂತ ದೊಡ್ಡದು. ಹಾಗಾಗಿ ಕೊನೆಯ 7ನ್ನು ಫೋನ್ 8 ಮಾಡುತ್ತದೆ. ‘7 ಇರೋ ಕಡೆ 8’ ಬಂದದ್ದು ಇದೇ ಕಾರಣಕ್ಕೆ. ಅಂಗಡಿಯಲ್ಲಿ 99 ರೂಪಾಯಿ 80 ಪೈಸೆಗೆ ನೂರು ಎಂದಂತೆ.

ಕಂಪ್ಯೂಟರಿನ ಎಕ್ಸೆಲ್‌ನಲ್ಲಿ ಹಾಕಿದರೆ ಇನ್ನೊಂದು ಗೊಂದಲ. ಅದು 15 ಅಂಕಿಗಳನ್ನಷ್ಟೇ ಇಟ್ಟುಕೊಂಡು ಉಳಿದ ಕಡೆ ಸೊನ್ನೆ ತುಂಬುತ್ತದೆ. ಅಲ್ಲಿ ಬರುವುದು 189476681779954, ಅದರ ಹಿಂದೆ ಹನ್ನೊಂದು ಸೊನ್ನೆ. ನೋಡಿದವರು ‘ನಿಜವಾದ ಉತ್ತರ ಸೊನ್ನೆಗಳಿಂದ ಮುಗಿಯುತ್ತದೆ’ ಎಂದುಕೊಳ್ಳುತ್ತಾರೆ. ಇದೇ ಕಾರಣಕ್ಕೆ 16 ಅಂಕಿಗಳ ಕಾರ್ಡ್ ನಂಬರನ್ನು ಎಕ್ಸೆಲ್‌ನಲ್ಲಿ ಸಂಖ್ಯೆಯಾಗಿ ಟೈಪ್ ಮಾಡಿದರೆ ಕೊನೆಯ ಅಂಕಿ ಸೊನ್ನೆಯಾಗಿಬಿಡುತ್ತದೆ.

ಹಾಗಾದರೆ ‘ಯಾವ ಕ್ಯಾಲ್ಕುಲೇಟರೂ ಮಾಡಲಾರದು’ ಎಂಬುದು ನಿಜವೇ? ಅಲ್ಲ. ಕೆಲವು ಆಂಡ್ರಾಯ್ಡ್ ಫೋನುಗಳ ಕ್ಯಾಲ್ಕುಲೇಟರ್‌ನಲ್ಲಿ ಉತ್ತರವನ್ನು ಬೆರಳಿನಿಂದ ಪಕ್ಕಕ್ಕೆ ಎಳೆದರೆ ಉಳಿದ ಅಂಕಿಗಳೂ ಕಾಣುತ್ತವೆ. ಪೈಥಾನ್‌ನಂತಹ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಾಲು ಬರೆದರೆ 26 ಅಂಕಿಗಳೂ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತವೆ. ಒಬ್ಬ ವ್ಯಕ್ತಿ ಇದನ್ನು ಕಾಗದ ಮುಟ್ಟದೆ ಮಾಡಿದರು ಎಂಬುದೇ ದೊಡ್ಡ ಮಾತು. ಅದಕ್ಕೆ ಯಂತ್ರವನ್ನು ಹೀಗಳೆಯಬೇಕಿಲ್ಲ.

ಪೂರ್ತಿ ಗುಣಿಸದೆ ಪರೀಕ್ಷಿಸುವುದು ಹೇಗೆ?

ದೊಡ್ಡ ಪೂರ್ಣಸಂಖ್ಯೆಗಳಿಗೆ ಕೆಲವು ಗುಣಗಳಿವೆ. ಸಂಖ್ಯೆ ಎಷ್ಟೇ ಉದ್ದ ಇರಲಿ, ಅವು ಬದಲಾಗುವುದಿಲ್ಲ. ಅವುಗಳಿಂದ ನಾಲ್ಕು ಪರೀಕ್ಷೆ ಮಾಡಬಹುದು. ನಮ್ಮ ಗ್ರೂಪಿಗೆ ಬಂದ ಫಾರ್ವರ್ಡ್‌ನಲ್ಲಿದ್ದ ಉತ್ತರ ಇದು:

18,947,668,177,995,426,426,773,730

ಮೇಲೆ ಕೊಟ್ಟ ಉತ್ತರಕ್ಕೂ ಇದಕ್ಕೂ ಏನು ವ್ಯತ್ಯಾಸ? ಹುಡುಕಿ. ಸಿಗದಿದ್ದರೆ ಪರವಾಗಿಲ್ಲ, ಚಿಕ್ಕಮ್ಮನಿಗೂ ನನಗೂ ಮೊದಲು ಸಿಕ್ಕಿರಲಿಲ್ಲ. ಪರೀಕ್ಷೆಗಳೇ ಹೇಳಲಿ.

1. ತಲೆಯ ಪರೀಕ್ಷೆ

ಮೊದಲ ಅಂಕಿಗಳನ್ನು ಫೋನ್ ಕೊಡುತ್ತದೆ: 1894766818. ಫಾರ್ವರ್ಡ್‌ನ ಮೊದಲ ಅಂಕಿಗಳನ್ನು ರೌಂಡ್ ಆಫ್ ಮಾಡಿದರೂ ಅದೇ. ಪಾಸ್.

2. ಬಾಲದ ಪರೀಕ್ಷೆ

ಗುಣಲಬ್ಧದ ಕೊನೆಯ ಆರು ಅಂಕಿಗಳನ್ನು ನಿರ್ಧರಿಸುವುದು ಎರಡೂ ಸಂಖ್ಯೆಗಳ ಕೊನೆಯ ಆರು ಅಂಕಿಗಳು ಮಾತ್ರ. ಮುಂದೆ ಏನಿದ್ದರೂ ಅದು ಹತ್ತು ಲಕ್ಷಗಳ ಲೆಕ್ಕದಲ್ಲೇ ಸೇರುವುದರಿಂದ ಕೊನೆಯ ಆರನ್ನು ಮುಟ್ಟುವುದಿಲ್ಲ. ಹಾಗಾಗಿ ಫೋನಿನಲ್ಲಿ ಇಷ್ಟೇ ಗುಣಿಸಿ:

774870 × 745779 = 577881773730

ಕೊನೆಯ ಆರು ಅಂಕಿಗಳು 773730. ಫಾರ್ವರ್ಡ್ ಕೂಡ 773,730ರಿಂದಲೇ ಮುಗಿಯುತ್ತದೆ. ಪಾಸ್.

3. ಒಂಬತ್ತರ ಪರೀಕ್ಷೆ

100 ರೂಪಾಯಿಯನ್ನು 9 ಜನರಿಗೆ ಸಮನಾಗಿ ಹಂಚಿ. ತಲಾ 11 ರೂಪಾಯಿ, ಕೈಯಲ್ಲಿ 1 ಉಳಿಯುತ್ತದೆ. 10 ರೂಪಾಯಿ ಹಂಚಿದರೂ 1 ಉಳಿಯುತ್ತದೆ, 1000 ಹಂಚಿದರೂ 1 ಉಳಿಯುತ್ತದೆ. ಹಾಗಾಗಿ 735 ರೂಪಾಯಿಯಲ್ಲಿ 7 ನೂರುಗಳಿಂದ 7, 3 ಹತ್ತುಗಳಿಂದ 3, ಬಿಡಿ 5, ಒಟ್ಟು 15. ಅದರಲ್ಲಿ ಇನ್ನೊಂದು 9 ಹಂಚಿದರೆ ಶೇಷ 6. ಅಂದರೆ ಯಾವುದೇ ಸಂಖ್ಯೆಯ ಅಂಕಿಗಳನ್ನು ಕೂಡುತ್ತಾ ಹೋದರೆ 9ರಿಂದ ಭಾಗಿಸಿದಾಗ ಬರುವ ಶೇಷ ಸಿಗುತ್ತದೆ. (ಕೊನೆಗೆ 9 ಬಂದರೆ ಶೇಷ 0 ಎಂದು ತಿಳಿಯಿರಿ.)

ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78. 7 + 8 = 15, 1 + 5 = 6.
ಎರಡನೆಯದರ ಮೊತ್ತ 74. 7 + 4 = 11, 1 + 1 = 2.
6 × 2 = 12, 1 + 2 = 3. ಹಾಗಾಗಿ ಉತ್ತರದ ಶೇಷವೂ 3 ಬರಬೇಕು.

ಫಾರ್ವರ್ಡ್‌ನ 26 ಅಂಕಿಗಳ ಮೊತ್ತ 138. 1 + 3 + 8 = 12, 1 + 2 = 3. ಇದೂ ಪಾಸ್!

ಆದರೆ ಈ ಪರೀಕ್ಷೆಗೆ ಒಂದು ದೌರ್ಬಲ್ಯವಿದೆ. ಅಂಕಿಗಳ ಜಾಗ ಬದಲಾದರೆ ಅದಕ್ಕೆ ಗೊತ್ತಾಗುವುದಿಲ್ಲ, ಏಕೆಂದರೆ ಮೊತ್ತ ಅಷ್ಟೇ ಇರುತ್ತದೆ. 0 ಇರುವ ಕಡೆ 9 ಬರೆದರೂ ಅದು ಹಿಡಿಯುವುದಿಲ್ಲ.

4. ಹನ್ನೊಂದರ ಪರೀಕ್ಷೆ

ಈಗ 11 ಜನರಿಗೆ ಹಂಚಿ. 10 ರೂಪಾಯಿ ಹಂಚಲು 1 ಕಡಿಮೆ ಬೀಳುತ್ತದೆ. 100ರಲ್ಲಿ ತಲಾ 9 ಕೊಟ್ಟರೆ 1 ಉಳಿಯುತ್ತದೆ. 1000ಕ್ಕೆ ತಲಾ 91 ಕೊಡಲು ಹೋದರೆ 1001 ಬೇಕು, ಮತ್ತೆ 1 ಕಡಿಮೆ. ಹೀಗೆ ಸ್ಥಾನದಿಂದ ಸ್ಥಾನಕ್ಕೆ ಒಮ್ಮೆ ಉಳಿಕೆ, ಒಮ್ಮೆ ಕೊರತೆ. ಆದ್ದರಿಂದ ಬಲಗಡೆಯಿಂದ ಎಣಿಸಿ 1, 3, 5ನೇ ಸ್ಥಾನಗಳ ಅಂಕಿಗಳನ್ನು ಒಂದು ಕಡೆ, 2, 4, 6ನೇ ಸ್ಥಾನಗಳದನ್ನು ಇನ್ನೊಂದು ಕಡೆ ಕೂಡಿ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ 11ರ ಶೇಷ ತಿಳಿಯುತ್ತದೆ. (ಕಳೆದಾಗ ಸೊನ್ನೆಗಿಂತ ಕಡಿಮೆ ಬಂದರೆ 11 ಸೇರಿಸಿಕೊಳ್ಳಿ.)

ಮೊದಲ ಸಂಖ್ಯೆ: 42 − 36 = 6.
ಎರಡನೆಯ ಸಂಖ್ಯೆ: 37 − 37 = 0.

ಎರಡನೆಯದರ ಶೇಷ ಸೊನ್ನೆ! ಅಂದರೆ 2,465,099,745,779 ಎಂಬುದು 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಒಂದು ಸಂಖ್ಯೆ 11ರ ಗುಣಕವಾದರೆ ಗುಣಲಬ್ಧವೂ 11ರ ಗುಣಕವಾಗಲೇಬೇಕು. ಹಾಗಾಗಿ ಸರಿಯಾದ ಉತ್ತರದಲ್ಲಿ ಎರಡೂ ಕಡೆಯ ಮೊತ್ತಗಳ ವ್ಯತ್ಯಾಸ 0 ಅಥವಾ 11ರ ಗುಣಕ ಇರಬೇಕು.

ಶಕುಂತಲಾ ದೇವಿಯವರ ಉತ್ತರ:
ಬೆಸ ಸ್ಥಾನಗಳು: 0 + 7 + 7 + 2 + 4 + 2 + 5 + 9 + 7 + 8 + 6 + 4 + 8 = 69
ಸಮ ಸ್ಥಾನಗಳು: 3 + 3 + 7 + 6 + 6 + 4 + 9 + 7 + 1 + 6 + 7 + 9 + 1 = 69
ವ್ಯತ್ಯಾಸ 0. ಪಾಸ್.

ಫಾರ್ವರ್ಡ್‌ನ ಉತ್ತರ:
ಬೆಸ ಸ್ಥಾನಗಳು: 0 + 7 + 7 + 6 + 4 + 2 + 5 + 9 + 7 + 8 + 6 + 4 + 8 = 73
ಸಮ ಸ್ಥಾನಗಳು: 3 + 3 + 7 + 2 + 6 + 4 + 9 + 7 + 1 + 6 + 7 + 9 + 1 = 65
ವ್ಯತ್ಯಾಸ 8. ಫೇಲ್!

ಸಿಕ್ಕಿತು. ‘426,462’ ಇರಬೇಕಾದ ಕಡೆ ಯಾರೋ ‘426,426’ ಎಂದು ಬರೆದಿದ್ದರು. 6 ಮತ್ತು 2 ಅದಲುಬದಲು. ನೋಡಿ ಟೈಪ್ ಮಾಡುವಾಗ ಇಂಥ ತಪ್ಪು ಎಲ್ಲರಿಗೂ ಆಗುವಂಥದ್ದು. ಅದು ನಡುವೆ ಇದ್ದುದರಿಂದ ತಲೆಯ ಪರೀಕ್ಷೆಗೂ ಬಾಲದ ಪರೀಕ್ಷೆಗೂ ಸಿಗಲಿಲ್ಲ, ಬರೀ ಜಾಗ ಬದಲಾದದ್ದರಿಂದ ಒಂಬತ್ತರ ಪರೀಕ್ಷೆಗೂ ಸಿಗಲಿಲ್ಲ. ಹನ್ನೊಂದರ ಪರೀಕ್ಷೆ ಮಾತ್ರ ಹಿಡಿಯಿತು.

ಇದು ಅದೃಷ್ಟವಲ್ಲ. ಒಂದೇ ಒಂದು ಅಂಕಿ ತಪ್ಪಾದರೆ, ಅಥವಾ ಅಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಅದಲುಬದಲಾದರೆ, ಹನ್ನೊಂದರ ಪರೀಕ್ಷೆ ಅದನ್ನು ತಪ್ಪದೇ ಹಿಡಿಯುತ್ತದೆ. ಹಲವು ತಪ್ಪುಗಳು ಒಟ್ಟಿಗೆ ಸೇರಿದರೆ ಮಾತ್ರ ಒಮ್ಮೊಮ್ಮೆ ನುಸುಳಬಹುದು.

ಒಂದು ಎಚ್ಚರಿಕೆ: ಪರೀಕ್ಷೆಯಲ್ಲಿ ಫೇಲಾದರೆ ಉತ್ತರ ಖಂಡಿತ ತಪ್ಪು. ಪಾಸಾದರೆ ‘ಇಲ್ಲಿಯವರೆಗೆ ತಪ್ಪು ಸಿಕ್ಕಿಲ್ಲ’ ಎಂದಷ್ಟೇ ಅರ್ಥ. ಪೂರ್ತಿ ಖಚಿತವಾಗಲು ಪೂರ್ತಿ ಗುಣಿಸಬೇಕು. ಹಾಗೆ ಗುಣಿಸಿದರೂ ಶಕುಂತಲಾ ದೇವಿಯವರ 26 ಅಂಕಿಗಳೂ ಸರಿಯೇ.

ಈ ಸಂಖ್ಯೆಯ ಇನ್ನಷ್ಟು ಗುಣಗಳು

ಅದೇ ಪರೀಕ್ಷೆಗಳಿಂದ ಇನ್ನೂ ಕೆಲವು ವಿಷಯ ತಿಳಿಯುತ್ತವೆ.

• ಕೊನೆಯ ಅಂಕಿ 0. ಹಾಗಾಗಿ 2 ಮತ್ತು 5ರಿಂದ ಭಾಗವಾಗುತ್ತದೆ. ಕೊನೆಯ ಎರಡು ಅಂಕಿಗಳು 30 ಆದ್ದರಿಂದ 4ರಿಂದ ಭಾಗವಾಗುವುದಿಲ್ಲ.
• ಅಂಕಿಗಳ ಮೊತ್ತ 138. ಅದು 3ರಿಂದ ಭಾಗವಾಗುತ್ತದೆ, 9ರಿಂದ ಇಲ್ಲ. ಸಂಖ್ಯೆಯೂ ಹಾಗೆಯೇ.
• 11ರಿಂದ ಭಾಗವಾಗುತ್ತದೆ.
• 2, 3, 5, 11 ಎಲ್ಲವೂ ಸೇರುವುದರಿಂದ 2 × 3 × 5 × 11 = 330ರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ.
• ಇದು ಯಾವುದೇ ಪೂರ್ಣಸಂಖ್ಯೆಯ ವರ್ಗವಲ್ಲ. ಸೊನ್ನೆಯಲ್ಲಿ ಮುಗಿಯುವ ವರ್ಗಸಂಖ್ಯೆಗೆ ಕೊನೆಯಲ್ಲಿ ಎರಡು, ನಾಲ್ಕು, ಹೀಗೆ ಸಮಸಂಖ್ಯೆಯ ಸೊನ್ನೆಗಳಿರುತ್ತವೆ. ಇಲ್ಲಿರುವುದು ಒಂದೇ.

‘50 ಸೆಕೆಂಡ್’ ಎಂಬ ಇನ್ನೊಂದು ಫಾರ್ವರ್ಡ್

ಕೆಲವು ಸಂದೇಶಗಳಲ್ಲಿ 28 ಸೆಕೆಂಡ್ ಬದಲು 50 ಸೆಕೆಂಡ್ ಎಂದಿರುತ್ತದೆ, ‘201 ಅಂಕಿಗಳ ಗುಣಾಕಾರ’ ಎಂದಿರುತ್ತದೆ. ಅದು ಎರಡು ಘಟನೆಗಳ ಕಲಸುಮೇಲೋಗರ. 201 ಅಂಕಿಗಳದ್ದು ಗುಣಾಕಾರವಲ್ಲ, 23ನೇ ಮೂಲ ಕಂಡುಹಿಡಿಯುವ ಲೆಕ್ಕ. ಅಂದರೆ ಯಾವ ಸಂಖ್ಯೆಯನ್ನು 23 ಬಾರಿ ಬರೆದು ಗುಣಿಸಿದರೆ ಈ 201 ಅಂಕಿಗಳ ಸಂಖ್ಯೆ ಬರುತ್ತದೆ ಎಂಬ ಪ್ರಶ್ನೆ. ಇದು ನಡೆದದ್ದು 1977ರಲ್ಲಿ, ಅಮೆರಿಕದ ಡಲ್ಲಾಸ್‌ನಲ್ಲಿರುವ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ. ಅವರು 50 ಸೆಕೆಂಡಿನಲ್ಲಿ ಕೊಟ್ಟ ಉತ್ತರ 546,372,891.

ಈ ಉತ್ತರವನ್ನು ಗಮನವಿಟ್ಟು ನೋಡಿ. 1ರಿಂದ 9ರವರೆಗಿನ ಪ್ರತಿ ಅಂಕಿಯೂ ಅದರಲ್ಲಿ ಸರಿಯಾಗಿ ಒಮ್ಮೆ ಬಂದಿದೆ. ಅಂಕಿಗಳ ಮೊತ್ತ 45, ಹಾಗಾಗಿ ಅದು 9ರ ಗುಣಕ.

ಕೊನೆಯ ಅಂಕಿ ತಿಳಿಯಲು ಒಂದು ಸುಲಭ ನಿಯಮವೂ ಇದೆ. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸುತ್ತಾ ಹೋದರೆ ಕೊನೆಯ ಅಂಕಿ ನಾಲ್ಕು ನಾಲ್ಕು ಹೆಜ್ಜೆಗೆ ಮರುಕಳಿಸುತ್ತದೆ. 2ರಿಂದ ಶುರು ಮಾಡಿದರೆ 2, 4, 8, 6, ಮತ್ತೆ 2, 4, 8, 6. 23ನ್ನು 4ರಿಂದ ಭಾಗಿಸಿದರೆ ಶೇಷ 3. ಆದ್ದರಿಂದ 23ನೇ ಘಾತದ ಕೊನೆಯ ಅಂಕಿಯೂ ಘನದ ಕೊನೆಯ ಅಂಕಿಯೂ ಒಂದೇ. ಮೂಲದ ಕೊನೆಯ ಅಂಕಿ 1 ಆದರೆ 201 ಅಂಕಿಗಳ ಸಂಖ್ಯೆಯೂ 1ರಿಂದಲೇ ಮುಗಿಯಬೇಕು.

ಇನ್ನೂ ಒಂದು ಮಾತು. 201 ಅಂಕಿ ಎಂದರೆ ಭಯವಾಗುತ್ತದೆ, ಆದರೆ ಉತ್ತರದಲ್ಲಿರುವುದು 9 ಅಂಕಿ. ಕೊಟ್ಟ ಸಂಖ್ಯೆ ಒಂದು ಪೂರ್ಣಸಂಖ್ಯೆಯ 23ನೇ ಘಾತವೇ ಎಂದು ಮೊದಲೇ ಗೊತ್ತಿದ್ದರೆ, ಅದರ ಉದ್ದ ಮತ್ತು ಮೊದಲ ಹತ್ತು ಅಂಕಿಗಳು ಆ ಮೂಲವನ್ನು ಗುರುತಿಸಲು ಸಾಕು. 13 ಅಂಕಿಗಳ ಗುಣಾಕಾರದಲ್ಲಿ ಈ ಅನುಕೂಲವಿಲ್ಲ. ಅಲ್ಲಿ 26 ಅಂಕಿಗಳನ್ನೂ ಒಂದೊಂದಾಗಿ ಸರಿಯಾಗಿ ಕಟ್ಟಬೇಕು. ಚಿಕ್ಕದಾಗಿ ಕಾಣುವ ಲೆಕ್ಕವೇ ಇಲ್ಲಿ ಒಂದು ರೀತಿಯಲ್ಲಿ ಹೆಚ್ಚು ಕಷ್ಟದ್ದು.

‘ಅವರ ಮೆದುಳು ಕಂಪ್ಯೂಟರ್‌ಗಿಂತ ವೇಗ’ ಎಂಬುದು?

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಮನೋವಿಜ್ಞಾನಿ ಆರ್ಥರ್ ಜೆನ್ಸನ್ 1988ರಲ್ಲಿ ಶಕುಂತಲಾ ದೇವಿಯವರನ್ನು ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. 61,629,875ರ ಘನಮೂಲ 395, 170,859,375ರ ಏಳನೇ ಮೂಲ 15 ಎಂಬಂಥ ಉತ್ತರಗಳನ್ನು, ಅವರು ಪ್ರಶ್ನೆ ಬರೆದುಕೊಳ್ಳುವಷ್ಟರಲ್ಲೇ ಇವರು ಹೇಳಿಬಿಡುತ್ತಿದ್ದರು. ಆದರೆ ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಅಸಾಧಾರಣವಾಗಿರಲಿಲ್ಲ. ಅಂದರೆ ಇಡೀ ಮೆದುಳೇ ಯಂತ್ರದಂತೆ ಓಡುತ್ತಿತ್ತು ಎಂಬ ಫಾರ್ವರ್ಡ್ ಮಾತಿಗೆ ಈ ಅಧ್ಯಯನದಲ್ಲಿ ಆಧಾರವಿಲ್ಲ. ಅವರ ಅಸಾಧಾರಣ ಶಕ್ತಿ ಕಂಡದ್ದು ಸಂಖ್ಯೆಗಳ ವಿಷಯದಲ್ಲಿ.

ಇನ್ನು 28 ಸೆಕೆಂಡ್ ಎಂಬುದನ್ನು ನಾವು ಪೆನ್ನು, ಕಾಗದದಲ್ಲಿ ಪರೀಕ್ಷಿಸಲಾಗದು. ಉತ್ತರ ಸರಿಯೇ ಎಂಬುದಕ್ಕೆ ಸಂಖ್ಯೆಯೇ ಸಾಕ್ಷಿ. ಸಮಯಕ್ಕೆ ಮಾತ್ರ ಅಂದು ಅಲ್ಲಿದ್ದವರು ಮತ್ತು ಗಿನ್ನೆಸ್ ದಾಖಲೆ ಸಾಕ್ಷಿ. ಈ ಎರಡನ್ನು ಬೇರೆ ಬೇರೆಯಾಗಿ ನೋಡಬೇಕು.

ನಮ್ಮ ದಿನನಿತ್ಯಕ್ಕೆ ಇದರಿಂದ ಏನು?

ನಿಮ್ಮ ಜೇಬಿನಲ್ಲೇ ಇಂಥ ಪರೀಕ್ಷೆಗಳಿವೆ. ಡೆಬಿಟ್, ಕ್ರೆಡಿಟ್ ಕಾರ್ಡಿನ ಕೊನೆಯ ಅಂಕಿ ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಬಂದದ್ದು. ಆಧಾರ್‌ನ 12ನೇ ಅಂಕಿಯೂ ಹಾಗೆಯೇ. ಒಂದಂಕಿ ತಪ್ಪಾಗಿ ಒತ್ತಿದರೆ ಆ್ಯಪ್ ತಕ್ಷಣ ‘ನಂಬರ್ ಸರಿಯಿಲ್ಲ’ ಎನ್ನಲು ಸಾಧ್ಯವಾಗುವುದು ಇದರಿಂದ. ಹಳೆಯ ಪುಸ್ತಕಗಳ ಹಿಂಬದಿಯ ಹತ್ತು ಸ್ಥಾನಗಳ ಐಎಸ್‌ಬಿಎನ್‌ನಲ್ಲಿ ಕೆಲವೊಮ್ಮೆ ಕೊನೆಗೆ ‘ಎಕ್ಸ್’ ಅಕ್ಷರ ಇರುತ್ತದೆ. ಅಲ್ಲಿ ಬಳಸಿದ್ದು ಹನ್ನೊಂದರ ಶೇಷವನ್ನೇ. ಶೇಷ 10 ಬಂದಾಗ ಒಂದೇ ಅಂಕಿಯಲ್ಲಿ ಬರೆಯಲಾಗದು, ಅದಕ್ಕೇ ‘ಎಕ್ಸ್’.

ಇಲ್ಲೂ ಅದೇ ಎಚ್ಚರಿಕೆ. ನಂಬರ್ ಪರೀಕ್ಷೆಯಲ್ಲಿ ಪಾಸಾಯಿತು ಎಂದರೆ ಅದನ್ನು ಬರೆಯುವಾಗ ಆದ ತಪ್ಪು ಸಿಕ್ಕಿಲ್ಲ ಎನ್ನಬಹುದು, ಅಷ್ಟೇ. ಆ ನಂಬರ್ ಕೊಟ್ಟ ವ್ಯಕ್ತಿ ಪ್ರಾಮಾಣಿಕ ಎಂದಲ್ಲ. ಮೋಸಗಾರನೂ ನಿಯಮಕ್ಕೆ ಸರಿಹೊಂದುವ ನಂಬರ್ ಬರೆಯಬಲ್ಲ.

ನೀವೇ ಮಾಡಿ ನೋಡಿ

ಮಹಾವೀರಾಚಾರ್ಯರ ಗ್ರಂಥದಲ್ಲಿ ಎಡದಿಂದಲೂ ಬಲದಿಂದಲೂ ಒಂದೇ ರೀತಿ ಓದಬಹುದಾದ, ಕೊರಳಿನ ಹಾರದಂಥ ಗುಣಲಬ್ಧಗಳಿವೆ. ಅವುಗಳಲ್ಲಿ ಒಂದು:

27994681 × 441 = 12345654321

ಇದಕ್ಕೆ ಒಂಬತ್ತರ ಮತ್ತು ಹನ್ನೊಂದರ ಪರೀಕ್ಷೆ ಮಾಡಿ. ಒಂಬತ್ತರ ಪರೀಕ್ಷೆಯಲ್ಲಿ ಉತ್ತರದ ಮೊತ್ತ 36, ಅಂದರೆ ಶೇಷ 0. ಹನ್ನೊಂದರ ಪರೀಕ್ಷೆಯಲ್ಲಿ ಉತ್ತರದ ಎರಡೂ ಕಡೆ 18 ಬಂದರೆ ನಿಮ್ಮ ಲೆಕ್ಕ ಸರಿ. ಶಕುಂತಲಾ ದೇವಿಯವರ ಉತ್ತರದಂತೆ ಇದೂ 11ರ ಗುಣಕ.

ಚಿಕ್ಕಮ್ಮ ಗ್ರೂಪಿನಲ್ಲಿದ್ದ ಹಳೆಯ ಸಂದೇಶ ಅಳಿಸಿ, ಸರಿಪಡಿಸಿದ್ದನ್ನು ಹಾಕಿದರು. ಮಾರನೆಯ ದಿನ ಟ್ಯೂಷನ್ನಿನ ಬೋರ್ಡ್ ಮೇಲೆ ಎರಡೂ ಉತ್ತರ ಬರೆದು ‘ಯಾವುದು ಸರಿ, ಹೇಳಿ’ ಎಂದು ಮಕ್ಕಳಿಗೇ ಬಿಟ್ಟರಂತೆ. ನೀವೂ ಹಂಚುವುದಾದರೆ ಇದನ್ನು ಹಂಚಿ:

‘1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬೆಂಗಳೂರಿನ ಶಕುಂತಲಾ ದೇವಿಯವರು 7,686,369,774,870 × 2,465,099,745,779 ಗುಣಿಸಿ, 28 ಸೆಕೆಂಡಿನಲ್ಲಿ 18,947,668,177,995,426,462,773,730 ಎಂದು ಸರಿಯಾದ ಉತ್ತರ ಕೊಟ್ಟರು. ಮೊಬೈಲ್ ಮೊದಲ ಕೆಲವು ಅಂಕಿಗಳನ್ನು ಮಾತ್ರ ತೋರಿಸಬಹುದು, ಅದರಿಂದ ಉತ್ತರ ತಪ್ಪಾಗುವುದಿಲ್ಲ. ಮುಂದೆ ಕಳಿಸುವ ಮೊದಲು ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿ ಕೂಡಿ ನೋಡಿ. ಎರಡೂ ಕಡೆ 69 ಬರಬೇಕು.’